ಬೆಳ್ಳಿ ಬಳ್ಳಿಯ ವಾಲ್‌ಪೇಪರ್

ಆಗಸ್ಟ್ 9, 2008. ಶನಿವಾರ

ಹೆಂಗಸರ ಕಪ್ಪು ನಿಲುವಂಗಿ, ಎರಡು ಅಬಾಯಾ ಇಸ್ತ್ರಿ ಮಾಡಿ ಆಯಿತು. ಅಳಿಯ ಯಜ್ಞೇಶ್ ಇನ್ನೂ ಕಂಪ್ಯೂಟರ್ ಮುಂದೆ. ವೈರಸ್ ಹೊಕ್ಕ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದಾನೆ. ಬಿಟ್ಟಿಯಂತೆ. ಬಿಟ್ಟಿ ಕೊಡುವವನಿಗೇನು ಲಾಭ ಎಂದು ಕೇಳಿದೆ. ನಕ್ಕ. ನಗುವ ಮಾತಲ್ಲ. ಅಂಗಡಿಯ ಕಸೂತಿ ಡಿಸೈನುಗಳೆಲ್ಲ ಅದರೊಳಗೇ ಇವೆ. ಒಂದು ಮನೆಯವರಿಗೆ ಹಾಕಿದ ಕಸೂತಿ ಇನ್ನೊಂದು ಮನೆಯವರಿಗೆ ಹಾಕುವುದಿಲ್ಲ — ನನ್ನ ಅಂಗಡಿ ನಿಂತಿರುವುದು ಆ ಮಾತಿನ ಮೇಲೆ. ಈ ದೋಹಾ ಅಲ್ ಜದೀದಾ ಪೇಟೆಯಲ್ಲಿ ದರ್ಜಿಗಳಿಗೇನು ಬರ?

ಕಂಪ್ಯೂಟರ್ ಪರದೆ ಇಡೀ ಕಂದು. ನೆನೆದ ಗೋಣಿಯ ಹಾಗೆ.

ಆಗಸ್ಟ್ 10. ಸಂಜೆ

ಮೌಸ್ ಎಲ್ಲೋ ತಾಗಿತು, ಡಿಸೈನ್ ಮಾಯ. ಬೈದೆ.

"ಹೋಗ್ಲಿಲ್ಲ ಮಾವ, ಪಕ್ಕದ ಡೆಸ್ಕ್‌ಟಾಪಿನಲ್ಲಿ ಉಂಟು. ಇದರಲ್ಲಿ ನಾಲ್ಕು ಉಂಟು."

ಅಡಗಿಸಲಿಕ್ಕಲ್ಲದೆ ನಾಲ್ಕು ಯಾಕೆ? ಒಂದೇ ಮಾಡಿಸಿದೆ. ಪರದೆಯ ಮೇಲಂಚಿನ ಪಟ್ಟಿಯನ್ನೂ ಕೆಳಗೆ ಇಳಿಸಲು ಹೇಳಿದೆ. ಆಮೇಲೆ ಕಪ್ಪು ಕಿಟಕಿಯೊಂದು ತೆರೆದು ಪಾಸ್‌ವರ್ಡ್ ಹೊಡೆದ. ಬೆರಳು ಓಡುತ್ತದೆ, ಪರದೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಲಿನಕ್ಸ್ ಇರುವುದೇ ಹಾಗಂತೆ... ಎದುರಿಗೆ ಅಂಗಡಿ ಹಾಕಿದ ಹೊಸ ದರ್ಜಿಯ ಜೊತೆ ಇವನು ಚಹಾ ಕುಡಿಯುವುದನ್ನು ನೋಡಿದ್ದೇನೆ.

ಆಗಸ್ಟ್ 13

ಪರದೆಯ ಕಂದು ವಾಲ್‌ಪೇಪರ್ ತೆಗೆದು ನಮ್ಮ ಕಸೂತಿಯ ಚಿತ್ರ ಹಾಕು ಎಂದೆ. ಅಲ್ ವಕ್ರಾ ಊರಿನ ಮದುಮಗಳಿಗೆ ಮಾಡಿದ ಬೆಳ್ಳಿ ಬಳ್ಳಿಯ ಡಿಸೈನ್ ತೋರಿಸಿದೆ. ಅಳಿಯ ಕೈ ಹಿಂದೆಗೆದ.

"ಇದು ಬೇಡ ಮಾವ. ಪರದೆ ಗಿರಾಕಿಗಳ ಕಡೆಗೇ ಉಂಟಲ್ಲ."

ಬೇಡ ಎನ್ನಲು ಇವನಿಗೇನು? ಗುಟ್ಟಾಗಿದ್ದರೆ ಮಾರಲು ಸುಲಭ, ಅದಕ್ಕೇ. ಹಾಕು ಅಂದರೆ ಹಾಕು ಎಂದೆ. ಹಾಕಿದ.

ಚೆಂದ ಕಾಣುತ್ತದೆ, ಸುಳ್ಳು ಯಾಕೆ.

ಆಗಸ್ಟ್ 24

ಮದುಮಗಳ ತಾಯಿ ಫೋನಿನಲ್ಲಿ ಕೂಗಾಡಿದಳು. ಎದುರಿನ ಅಂಗಡಿಯ ಗಾಜಿನೊಳಗೆ ಅದೇ ಬಳ್ಳಿ. ಹೋಗಿ ನೋಡಿದೆ. ಎಲೆಯ ತಿರುವೂ ಅದೇ.

ಯಜ್ಞೇಶ್. ಇನ್ಯಾರು? ಮಗಳು ಶರ್ಮಿಳಾಳ ಎದುರೇ ಕಳ್ಳ ಎಂದೆ. ಅವನು ಅಂಗಡಿಯ ಕೀ ಮೇಜಿನ ಮೇಲಿಟ್ಟು ಹೋದ. ಅವಳೂ ಹೋದಳು. ಆ ತಾಯಿಗೆ ತಿಳಿಸಿದೆ: ಅಳಿಯನ ಕಳ್ಳತನ, ಹೊರಗೆ ಹಾಕಿದೆ, ಖಲಾಸ್.

ಆಗಸ್ಟ್ 26

ಅಳತೆಗೆ ಬಂದ ಹುಡುಗಿಯೊಬ್ಬಳು ಸುಮ್ಮನೆ ನಿಂತವಳು ಮೊಬೈಲ್ ಎತ್ತಿ ಪರದೆಯ ಫೋಟೋ ಹೊಡೆದಳು. ಯಾಕೆ ಎಂದೆ. ಎದುರಿನ ಅಂಗಡಿಯಲ್ಲಿ ಫೋಟೋ ತೋರಿಸಿದರೆ ಸಾಕಂತೆ, ಹಾಗೇ ಹೊಲಿದು ಕೊಡುತ್ತಾರಂತೆ. ಅವಳ ಗೆಳತಿ ಈ ಬಳ್ಳಿಯ ಫೋಟೋ ಅಲ್ಲಿ ಮೊದಲೇ ಕೊಟ್ಟಿದ್ದಾಳಂತೆ. ಇಲ್ಲಿಂದಲೇ ಹೊಡೆದ ಫೋಟೋ.

ವಾಲ್‌ಪೇಪರ್ ತೆಗೆಯಲು ನೋಡಿದೆ. ಬರಲಿಲ್ಲ. ಮಾನಿಟರ್ ಮೇಲೆ ಅಸ್ತರಿನ ಬಟ್ಟೆ ಎಸೆದೆ. ಯಜ್ಞೇಶ್ ಫೋನ್ ಎತ್ತುವುದಿಲ್ಲ. ಶರ್ಮಿಳಾ ಎತ್ತಿದಳು.

"ಅವರು ಬರುದಿಲ್ಲ ಅಪ್ಪ. ಆ ಹೆಂಗಸಿನ ಹತ್ರ ಕಳ್ಳ ಅಂತ ಹೇಳಿದ್ದು ನೀವು. ಅಲ್ಲ ಅಂತ ಹೇಳುದೂ ನೀವೇ. ಆಮೇಲೆ ನಂಗೆ ಫೋನ್ ಮಾಡಿ."

ಆಗಸ್ಟ್ 27. ಸಂಜೆ

ಆ ತಾಯಿ ಈಗ ಬರುತ್ತಾಳೆ. ಹೇಳಿದರೆ ಮದುವೆಯ ಕೆಲಸ ಹೋಯಿತು, ಅವಳ ಬಳಗವೆಲ್ಲ ಹೋಯಿತು. ಹೇಳದಿದ್ದರೆ ಮಗಳು...

ಹೊರಗೆ ಕಾರು ನಿಂತಿತು. ಕಳ್ಳ ಎನ್ನುವಷ್ಟು ಅರಬಿ ನನಗೆ ಬಂತು. ತಪ್ಪು ನನ್ನದು ಎನ್ನುವಷ್ಟು ಬರುವುದಿಲ್ಲ. ಬಟ್ಟೆ ಸರಿಸಿ ತೋರಿಸುತ್ತೇನೆ. ಬೆರಳು ಮೊದಲು ಪರದೆಗೆ, ಆಮೇಲೆ ನನ್ನ ಎದೆಗೆ—