ನೀರಿನಲ್ಲಿ ಮುಳುಗುವ ಎಣ್ಣೆ

ನಾಯಂಡಹಳ್ಳಿ,
೧೮-೧೧-೧೯೮೭, ಬುಧವಾರ

ಚಿ. ಸೌ. ಯಶೋದೆಗೆ,

ಇದು ನಿನ್ನ ಅಪ್ಪ ಕೆಂಪಯ್ಯ ಜಗುಲಿಯ ಮೇಲೆ ಕೂತು, ಕನ್ನಡಕ ಎರಡು ಸಲ ಒರೆಸಿಕೊಂಡು ಬರೆಯುತ್ತಿರುವ ಕಾಗದ. ನೀನು ಹೇಗಿದ್ದೀಯ? ಪುಣೆಯ ಚಪಾತಿ ಒಗ್ಗಿತೇ, ಇಲ್ಲ ಇನ್ನೂ ಹೊಟ್ಟೆ ಕೆಡುತ್ತಿದೆಯೇ? ಅಲ್ಲಿ ಚಳಿ ಶುರುವಾಗಿರಬೇಕು, ನಿಮ್ಮಮ್ಮ ಹೆಣೆದುಕೊಟ್ಟ ಸ್ವೆಟರನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ನಡುಗಬೇಡ. ಮೂರು ಕಾಗದ ಹಾಕಿದರೂ ಉತ್ತರವಿಲ್ಲವೆಂದು ನೀನು ಸಿಟ್ಟಿನಲ್ಲಿ ಬರೆದದ್ದು ತಲುಪಿತು. ಆ ಸಿಟ್ಟು ನಿನಗೆ ನನ್ನಿಂದಲೇ ಬಂದದ್ದು, ಅದಕ್ಕೆ ನಾನು ಏನೂ ಅನ್ನುವ ಹಾಗಿಲ್ಲ. ನಿಮ್ಮಮ್ಮ ಇದ್ದಾಳೆ, ನಾನೂ ಇದ್ದೇನೆ. ಅಳಿಯಂದಿರಿಗೆ ಈಗ ಧರ್ಮಸ್ಥಳದ ಬಸ್ಸಿನ ರೂಟು ಹಾಕಿದ್ದಾರಂತೆ, ಹೋದ ಎರಡು ಭಾನುವಾರ ಮಗುವನ್ನು ನೋಡಲು ಬಂದಿಲ್ಲ. ಟ್ರೈನಿಂಗು ಮುಗಿಯಲು ಇನ್ನು ನಾಲ್ಕು ವಾರ ಅಲ್ಲವೇ? ಹೊಸ ಕಂಪ್ಯೂಟರ್ ನಡೆಸುವುದನ್ನು ಚೆನ್ನಾಗಿ ಕಲಿತುಕೊಂಡು ಬಾ, ಇಲ್ಲಿಯ ಯೋಚನೆ ಬಿಡು.

ಮೊದಲು ಪುಟ್ಟಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದಿಲ್ಲ. ನೀನು ಸೆಪ್ಟೆಂಬರಿನಲ್ಲಿ ಹೊರಟಾಗ ಅವಳಿಗೆ ಹನ್ನೊಂದು ತಿಂಗಳು. ಬಾಗಿಲಲ್ಲಿ ನಿಂತು, "ಅಪ್ಪಾ, ಎದುರುಮನೆ ಮಗು ಹತ್ತು ತಿಂಗಳಿಗೇ ನಿಂತ್ಕೊಳ್ತು, ಇವಳು ಕಾಲೇ ಊರಲ್ವಲ್ಲಪ್ಪ" ಎಂದು ಕಣ್ಣು ಒದ್ದೆ ಮಾಡಿಕೊಂಡೆ. ನೀನು ವಾಪಸು ಬರುವಷ್ಟರಲ್ಲಿ ಅವಳನ್ನು ನಡೆಸಿಯೇ ತೋರಿಸುತ್ತೇನೆ ಎಂದು ಅವತ್ತೇ ನಾನು ಮನಸ್ಸಿನಲ್ಲಿ ಅಂದುಕೊಂಡೆ. ಮೊನ್ನೆ ಸೋಮವಾರ ಪುಟ್ಟಿ ಮಂಚದ ಕಾಲು ಹಿಡಿದುಕೊಂಡು ನಿಂತಳು. ಸ್ವಲ್ಪ ಹೊತ್ತೇ, ಆದರೂ ನಿಂತಳು. ಆದ್ದರಿಂದ ಆ ಚಿಂತೆ ನಿನಗೆ ಬೇಡ.

ಈಗ ನೀನು ಬೈಯುವ ವಿಷಯಕ್ಕೆ ಬರುತ್ತೇನೆ. ನಿಮ್ಮ ರಾಜಾಜಿನಗರದ ಫ್ಯಾಕ್ಟರಿಯ ಹಳೇ ಕಂಪ್ಯೂಟರ್ ಎಲ್ಲೆಲ್ಲೋ ಹೋಗದೆ ನಿನ್ನ ಚಿಕ್ಕಪ್ಪ ಅಂಜಿನಯ್ಯನ ಗುಜರಿ ಗೋಡೌನಿಗೇ ಬಂತು. ಆಯುಧಪೂಜೆಯೊಳಗೆ ಕೋಣೆ ಖಾಲಿಯಾಗಬೇಕೆಂದು ನಿಮ್ಮ ಮ್ಯಾನೇಜರು ಹಟ ಹಿಡಿದರಂತೆ, ಅಂಜಿನಯ್ಯ ಹೋಗಿ ಮಾತಾಡಿಕೊಂಡು ಬಂದ. ಎರಡು ಲಾರಿ ತುಂಬ ಬಂದಿತ್ತು. ಬೀರುವಿನೆತ್ತರದ ಡಬ್ಬಗಳು, ಟೇಪಿನ ಚಕ್ರಗಳು, ಹಸಿರು ಹಲಗೆಗಳು, ರಾಶಿ ರಾಶಿ ವೈರು. ಟೇಪು ಬಹಳ ಗಟ್ಟಿ ಕಣೇ, ನಿಮ್ಮಮ್ಮ ಅದರಲ್ಲಿ ಅವರೆ ಚಪ್ಪರ ಕಟ್ಟಿಸಿದ್ದಾಳೆ. ನಿಮ್ಮ ಆಫೀಸಿನ ಹತ್ತು ವರ್ಷದ ಗುಟ್ಟೆಲ್ಲ ಈಗ ನಮ್ಮ ಹಿತ್ತಲಲ್ಲಿ ಗಾಳಿಗೆ ಪಟಪಟ ಅನ್ನುತ್ತಿದೆ. ವೈರನ್ನು ಹೊಳೆ ದಂಡೆಗೆ ಒಯ್ದು ಸುಟ್ಟು ತಾಮ್ರ ಬಿಡಿಸಿದರು. ವೃಷಭಾವತಿಯ ವಾಸನೆ ನಮಗೆ ಅಭ್ಯಾಸವಾಗಿದೆ, ಆದರೆ ಈ ಹೊಗೆ ಬೇರೆ ತರಹ. ನಾಲಿಗೆಯ ಮೇಲೆ ಕಾಸು ಇಟ್ಟುಕೊಂಡ ಹಾಗೆ ಒಂದು ರುಚಿ ಎರಡು ದಿನ ಬಾಯಲ್ಲಿ ಉಳಿದಿತ್ತು.

ಆ ಲಾರಿಯಲ್ಲೇ ಕಂಪ್ಯೂಟರಿಗೆ ಕರೆಂಟು ಸಮ ಮಾಡಿ ಕೊಡುತ್ತಿದ್ದ ನಿನ್ನ ಕಬ್ಬಿಣದ ಪೆಟ್ಟಿಗೆಯೂ ಬಂತು. "ಅದನ್ನ ಮಾತ್ರ ತಯಾರು ಮಾಡಿದೋರಿಗೇ ವಾಪಸ್ ಕಳಿಸ್ಬೇಕಪ್ಪ, ಮ್ಯಾನೇಜರ್‌ಗೆ ಬರೆದು ಕೊಟ್ಟಿದೀನಿ, ಒಪ್ಕೊಂಡಿದಾರೆ" ಎಂದು ನೀನು ಹೇಳಿದ್ದು ನನಗೆ ನೆನಪಿದೆ. ಒಪ್ಪಿಕೊಂಡವರು ಕಳಿಸಲಿಲ್ಲ, ಅದಕ್ಕೆ ನಾನೇನು ಮಾಡಲಿ? ಅದರ ಮೂತಿಗೆ ನೀನು ಹಲಗೆಯೊಂದನ್ನು ತಂತಿಯಲ್ಲಿ ಬಿಗಿದು, ಕೆಂಪು ಪೇಂಟಿನಲ್ಲಿ ಬರೆದಿದ್ದೆ. ನಿನ್ನ ಅಕ್ಷರ ದೂರದಿಂದಲೇ ಗುರುತಾಯಿತು. ಅಂಜಿನಯ್ಯ, "ಏನಣ್ಣ ಬರೆದವಳೆ ನಮ್ಮ ಹುಡುಗಿ?" ಅಂದ. ತೆರೆಯಬೇಡಿ ಅಂತ ಇದೆ, ಕರೆಂಟಿನ ಭಯ, ಈಗ ಕರೆಂಟೆಲ್ಲಿದೆ ಅಂದೆ. ನಿಮ್ಮಮ್ಮ, ಇದು ನನ್ನ ಮಗಳಿಗೆ ಅನ್ನ ಹಾಕಿದ ಮಿಷನ್ನು ಎಂದು ಅದಕ್ಕೆ ಅರಿಶಿನ ಕುಂಕುಮವಿಟ್ಟು ಬೂದುಗುಂಬಳಕಾಯಿ ಒಡೆಸಿದಳು. ಹಬ್ಬ ಕಳೆದ ಮಾರನೆ ದಿನ ಬಿಚ್ಚಿಸಿದೆವು.

ಒಳಗೆ ಎಣ್ಣೆಯೋ ಎಣ್ಣೆ. ಯಶೋದಾ, ನಾನು ಮೂವತ್ತೊಂದು ವರ್ಷ ಮೋಟಾರು, ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಮಾಡಿದವನು. ಮೊಣಕೈವರೆಗೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಅದ್ದಿಕೊಂಡು, ಅದೇ ಕೈಯಲ್ಲಿ ಎರಡು ಇಡ್ಲಿ ತಿಂದು ಬಂದವನು. ಮಂಡಿನೋವಿಗೆ ಅದನ್ನು ಮೀರಿದ ಔಷಧಿ ಇಲ್ಲವೆಂದು ನಮ್ಮ ಶಾಪಿನಲ್ಲಿ ಎಲ್ಲರಿಗೂ ಗೊತ್ತು, ರಿಟೈರಾಗುವಾಗ ನಾನೂ ಒಂದು ಬಾಟಲಿ ತಂದಿದ್ದೆ. ಆದರೆ ಇಂಥ ಎಣ್ಣೆಯನ್ನು ನಾನು ಕಂಡಿರಲಿಲ್ಲ. ಜೇನುತುಪ್ಪದ ಹಾಗೆ ಮಂದ, ಬಣ್ಣ ಮಾತ್ರ ನೀರಿನಂತೆ ತಿಳಿ. ಬತ್ತಿ ಅದ್ದಿ ಹಚ್ಚಿ ನೋಡಿದೆ, ಬೆಂಕಿ ಹಿಡಿಯಲಿಲ್ಲ. ಬಕೆಟ್ಟಿನ ನೀರಿಗೆ ಒಂದು ಚಮಚ ಬಿಟ್ಟರೆ ತೇಲುವ ಬದಲು ತಳಕ್ಕೆ ಹೋಗಿ ಕೂತಿತು. ಫಾರಿನ್ ಮಾಲು ಅಂದರೆ ಇದು ಎಂದು ಅಂಜಿನಯ್ಯನಿಗೆ ತೋರಿಸಿದೆ. ಗೋಡೌನಿನಲ್ಲಿ ತಾಮ್ರ ವಿಂಗಡಿಸುವ ಹನುಮಕ್ಕ ಅದನ್ನೆಲ್ಲ ಚೊಂಬಿನಲ್ಲಿ ಮೊಗೆದು ಹತ್ತು ಟಿನ್ನಿಗೆ ತುಂಬಿದಳು. ಸುದ್ದಿ ಹೇಗೆ ಹರಡಿತೋ, ಬೀದಿಯ ಮುದುಕಿಯರೆಲ್ಲ ಬಾಟಲಿ ಹಿಡಿದು ಬಂದರು, ಸುಂಕದಕಟ್ಟೆಯಿಂದ ಕೂಡ ಯಾರೋ ಬಂದು ಒಯ್ದರು.

ನಿಮ್ಮಮ್ಮನ ಮಂಡಿ ನಿನಗೆ ಗೊತ್ತೇ ಇದೆ. ಸಮಭಾಗ ಹರಳೆಣ್ಣೆ ಬೆರೆಸಿ, ಬೆಚ್ಚಗೆ ಮಾಡಿ ಎಂಟು ದಿನ ತಿಕ್ಕಿಕೊಂಡಳು, ಒಂಬತ್ತನೇ ದಿನ ಯಾರ ಕೈಯೂ ಹಿಡಿಯದೆ ಗವಿಗಂಗಾಧರನ ದರ್ಶನಕ್ಕೆ ಹೋಗಿಬಂದಳು. ಅಲ್ಲಿಂದಲೇ ನಮಗೆ ಪುಟ್ಟಿಯ ಕಾಲಿನ ಯೋಚನೆ ಬಂದದ್ದು. ಮುದಿ ಮಂಡಿಯೇ ಎದ್ದು ನಡೆದ ಮೇಲೆ ಎಳೆ ಕಾಲು ನಡೆಯುವುದಿಲ್ಲವೇ? ನರಕಚತುರ್ದಶಿಯ ಎಣ್ಣೆಸ್ನಾನದ ದಿನ ಶುರು ಮಾಡಿದಳು. ಆಮೇಲೆ ದಿನಾ ಬೆಳಿಗ್ಗೆ ಎಳೆಬಿಸಿಲಿನಲ್ಲಿ ಕಾಲು ನೀಡಿ ಕೂತು, ಪುಟ್ಟಿಯನ್ನು ಕಾಲಿನ ಮೇಲೆ ಮಲಗಿಸಿಕೊಂಡು, ತೊಡೆ, ಮಂಡಿ, ಪಾದ, ಬೆರಳು ಬೆರಳಿಗೂ ತಿಕ್ಕುತ್ತಾಳೆ. "ಎದ್ದೇಳವ್ವ ನನ್ ತಾಯಿ, ನಿಮ್ಮಮ್ಮ ಬರೋ ಹೊತ್ಗೆ ಓಡಾಡ್ಬೇಕು" ಅನ್ನುತ್ತಾಳೆ. ಪುಟ್ಟಿ ಅಜ್ಜಿಯ ಮೂಗು ಹಿಡಿದು ನಗುತ್ತಿದ್ದಳು. ಎಣ್ಣೆ ಮೆತ್ತಿದ ಬೆರಳನ್ನೇ ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು, ಮಕ್ಕಳಲ್ಲವೇ. ಅವಳು ನಕ್ಕಾಗ ಥೇಟ್ ನಿನ್ನ ಹಾಗೆಯೇ ಕಾಣುತ್ತಾಳೆ.

ಸಣ್ಣಪುಟ್ಟದ್ದು ಇದ್ದೇ ಇರುತ್ತದೆ, ಅದನ್ನೂ ಬರೆದುಬಿಡುತ್ತೇನೆ. ನಿಮ್ಮಮ್ಮನ ಉಗುರು ಕಂದು ಬಣ್ಣಕ್ಕೆ ತಿರುಗಿದೆ, ಗೋರಂಟಿ ಇರಬೇಕು ಅಂದೆ, ಗೋರಂಟಿ ಹಾಕಿಕೊಂಡಿಲ್ಲವಂತೆ. ಊಟ ಸೇರುವುದಿಲ್ಲ ಅನ್ನುತ್ತಾಳೆ, ಹಬ್ಬದಲ್ಲಿ ತಿಂದ ಕಜ್ಜಾಯ ಇನ್ನೂ ಕರಗಿರಲಿಕ್ಕಿಲ್ಲ. ಎಣ್ಣೆ ಚೆಲ್ಲಿದ್ದ ಮರಳಿನ ಮೇಲೆ ಮಲಗುತ್ತಿದ್ದ ಗೋಡೌನಿನ ಕರಿನಾಯಿ ಸತ್ತಿತು, ಅದಕ್ಕೂ ವಯಸ್ಸಾಗಿತ್ತು. ಹನುಮಕ್ಕನ ಕೆನ್ನೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಕರಿ ಮೊಡವೆ ಎದ್ದಿವೆ, ಕಣ್ಣಿನ ರೆಪ್ಪೆ ಊದಿ ಬೆಳಿಗ್ಗೆ ಹೊತ್ತು ತೆರೆಯಲಾಗುವುದಿಲ್ಲವಂತೆ. "ಯಾವ್ದೋ ಗಾಳಿ ಸೋಕೈತೆ ಕಣಣ್ಣ" ಎಂದು ತಾಯಿತ ಕಟ್ಟಿಸಿಕೊಂಡು ಬಂದಳು. ಎಂಟು ದಿನದಿಂದ ಕೆಲಸಕ್ಕೆ ಬಂದಿಲ್ಲ. ಪುಟ್ಟಿಯ ಕಿವಿಯ ಹಿಂದೆಯೂ ನಾಲ್ಕಾರು ಕರಿ ಚುಕ್ಕೆ ಕಾಣಿಸಿವೆ. ದೃಷ್ಟಿಯಾಗಿದೆ ಎಂದು ನಿಮ್ಮಮ್ಮ ಮೆಣಸಿನಕಾಯಿ ನಿವಾಳಿಸಿ ಹಾಕಿದಳು, ಒಂದು ಚೂರೂ ಘಾಟು ಬರಲಿಲ್ಲ, ನೋಡಿ ಎಷ್ಟು ದೃಷ್ಟಿ ಅಂದಳು. ಹಲ್ಲು ಬರುವ ಕಾಲ, ಮೈ ಕಾವು ಎಂದು ನನ್ನ ಲೆಕ್ಕ. ಹಾಲು ಕಕ್ಕುತ್ತಾಳೆ. ಅಳುವುದು ಕಡಿಮೆಯಾಗಿದೆ, ಅದು ಒಳ್ಳೆಯದೇ ಅಲ್ಲವೇ? ನಿನ್ನ ಹಾಗೆ ರಚ್ಚೆ ಹಿಡಿಯುವ ಮಗು ಎರಡು ದಿನದಿಂದ ಸುಮ್ಮನೆ ಸೂರು ನೋಡುತ್ತಾ ಮಲಗಿರುತ್ತದೆ. ಎಣ್ಣೆ ತಿಕ್ಕುವುದನ್ನು ನಿನ್ನೆಯಿಂದ ಬೇಡವೆಂದಿದ್ದೇನೆ, ಕಾರಣವೇನೂ ಇಲ್ಲ, ಸ್ವಲ್ಪ ಬಿಡುವಿರಲಿ ಅಂತ. ಸೀಗೆಕಾಯಿ ಹಾಕಿ ಮೂರು ಸಲ ತೊಳೆದರೂ ಅವಳ ಕಾಲಿನ ಜಿಡ್ಡು ಮಾತ್ರ ಹೋಗುವುದಿಲ್ಲ. ನನಗೇ ಗೊತ್ತಿಲ್ಲದೆ ಅವಳ ಪಾದವನ್ನು ಮತ್ತೆ ಮತ್ತೆ ಒರೆಸುತ್ತಿರುತ್ತೇನೆ.

ಇನ್ನೇನಿಲ್ಲ. ನೀನು ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ಸಂಜೆ ಒಬ್ಬಳೇ ಓಡಾಡಬೇಡ. ನಿಮ್ಮಮ್ಮ ಈ ಕಾಗದದ ಮೂಲೆಗೆ ಕುಂಕುಮ ಹಚ್ಚಿದ್ದಾಳೆ, ಅದೇ ಅವಳ ಆಶೀರ್ವಾದ. ಪುಟ್ಟಿಯ ಕೈ ಹಿಡಿದು ಇಲ್ಲಿ ಒಂದು ಗೀಟು ಎಳೆಸಿದ್ದೇನೆ, ವಕ್ರವಾಗಿದೆ, ಅವಳ ಹೆಸರೆಂದು ತಿಳಿದುಕೋ.

ನಿನ್ನ ಒಳ್ಳೆಯದನ್ನೇ ಬಯಸುವ ಅಪ್ಪ,
ಕೆಂಪಯ್ಯ

ವಿ.ಸೂ.: ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಹನುಮಕ್ಕನ ಗಂಡ ಈಗಷ್ಟೇ ಬಂದಿದ್ದ. ಬೆಳಿಗ್ಗೆ ಅವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ, ಕಣ್ಣೆಲ್ಲ ಹಳದಿ, ಎದ್ದು ಕೂರಲಾರಳಂತೆ. ಡಾಕ್ಟರು ಅದು ಯಾವ ಎಣ್ಣೆ, ಹೆಸರು ಹೇಳಿ ಎಂದು ಕೇಳುತ್ತಿದ್ದಾರೆ. ನಮಗೆ ಗೊತ್ತಿಲ್ಲ, ನಿನಗೆ ಗೊತ್ತು. ಪುಟ್ಟಿಯನ್ನು ಎತ್ತಿಕೊಂಡು ನಾನೂ ಅಲ್ಲಿಗೇ ಹೊರಟಿದ್ದೇನೆ. ದಾರಿಯಲ್ಲಿ ಎಣ್ಣೆಯ ಹೆಸರು ಕೇಳಿ ನಿನಗೆ ತಂತಿ ಕೊಡುತ್ತೇನೆ, ಅದು ಮೊದಲು ತಲುಪುತ್ತದೆ, ಕೂಡಲೇ ಉತ್ತರ ಕೊಟ್ಟು ಹೊರಟುಬಿಡು. ಈ ಕಾಗದವನ್ನು ಯಾಕೆ ಹಾಕುತ್ತಿದ್ದೇನೆಂದರೆ ಮುಖ ನೋಡಿ ಇದನ್ನು ಹೇಳಲು ನನಗೆ ಆಗುವುದಿಲ್ಲ. ನಿನ್ನ ಹಲಗೆಯಲ್ಲಿ ಎರಡು ಸಾಲು ಇದ್ದವು. ಅವತ್ತೇ ಎರಡನ್ನೂ ಓದಿದೆ. ಅಂಜಿನಯ್ಯನಿಗೆ ಓದು ಬಾರದು, ಮೊದಲನೆಯದನ್ನು ಮಾತ್ರ ಹೇಳಿದೆ. ಎರಡನೆಯದು, ಒಳಗಿನ ಎಣ್ಣೆ ವಿಷ, ಮೈಗೆ ತಾಗಿಸಬೇಡಿ ಅಂತ. ನನ್ನ ಮಗಳು ನನಗೆ ಎಣ್ಣೆಯ ಪಾಠ ಹೇಳುವುದೇ ಎಂದು ನಗು ಬಂತು. ಹಲಗೆಯನ್ನು ಬಚ್ಚಲ ಒಲೆಗೆ ಹಾಕಿದೆ. ನಿಮ್ಮಮ್ಮನಿಗೆ ಇದು ಯಾವುದೂ ಗೊತ್ತಿಲ್ಲ, ಅವಳನ್ನು ಬೈಯಬೇಡ. ಪುಟ್ಟಿ ಮಂಚದ ಕಾಲು ಹಿಡಿದು ನಿಂತಳೆಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಸೋಮವಾರದಿಂದ ಅವಳು ಕೂರುವುದನ್ನೂ ಬಿಟ್ಟಿದ್ದಾಳೆ.