ಸಹಿ ಹಾಕದ ಒಪ್ಪಿಗೆ ಪತ್ರ

ಬಾಳಗಡಿ
೧೮ ಜನವರಿ ೨೦೨೫, ಶನಿವಾರ

ಅಣ್ಣಯ್ಯನಿಗೆ,

ತಂಗಿ ಮಾಲತಿಯ ನಮಸ್ಕಾರ. ನಾವು ಗಂಡ ಹೆಂಡತಿ ಇಲ್ಲಿ ಚೆನ್ನಾಗಿದ್ದೇವೆ. ಈ ಚಳಿಗೆ ಅತ್ತಿಗೆಯ ಮಂಡಿನೋವು ಹೆಚ್ಚಾಗಿರಲಾರದು ಎಂದುಕೊಂಡಿದ್ದೇನೆ. ನಿನ್ನ ಮಗಳು ನಿಶ್ಚಿತಾಳ ಕೈಯಲ್ಲಿ ನೀನು ಕಳಿಸಿದ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದರೆ ಕ್ಷಮೆ ಕೇಳುವುದು ರೂಢಿ. ಕೇಳಿದ್ದೇನೆ ಎಂದೇ ತಿಳಿದುಕೋ. ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಎರಡನೆಯದರಲ್ಲಿ ಅಳು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವನ್ನು ಹಾಗೆ ತಡೆಯಲು ನಿನಗೆ ಬರುವುದಿಲ್ಲ.

ನಿನ್ನ ಕಾಗದದಲ್ಲಿರುವುದು ನಾಲ್ಕೇ ಸಾಲು. ಗ್ರೇಸನ್‌ಪೇಟೆ ಎಂಬ ಹೆಸರನ್ನು ತೆಗೆದು, ನಮ್ಮ ಅಪ್ಪಯ್ಯನ ನೆನಪಿಗೆ ಊರನ್ನು ಮಂಜಪ್ಪನಗರ ಎಂದು ಕರೆಯಲು ಮಕ್ಕಳಾದ ನಮ್ಮಿಬ್ಬರ ಒಪ್ಪಿಗೆ ಇದೆ, ಅಷ್ಟೆ. ನೀನು ಸಹಿ ಹಾಕಿದ್ದೀಯ. ನಾನು ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೀಯ. ಎಂ.ಎ. ಓದಿದವಳಿಗೆ ಅಷ್ಟೂ ತಿಳಿಯದು ಎಂದುಕೊಂಡೆಯೋ ಏನೋ. ಇಪ್ಪತ್ತಾರನೇ ತಾರೀಕು ಧ್ವಜ ಹಾರಿಸಿದ ಮೇಲೆ ಹೊಸ ಬೋರ್ಡಿನ ಪರದೆ ಬಿಚ್ಚುವುದಂತೆ, ಅದಕ್ಕೇ ಅವಸರವಂತೆ. ಬೋರ್ಡಿನ ಫೋಟೋವನ್ನು ನಿಶ್ಚಿತಾ ತನ್ನ ಮೊಬೈಲಿನಲ್ಲಿ ತೋರಿಸಿದಳು. ಒಂದು ಬದಿಗೆ ದೇಶದ ನಕ್ಷೆ, ಇನ್ನೊಂದು ಬದಿಗೆ ಅಪ್ಪಯ್ಯನ ಮುಖ, ಕೆಳಗೆ ‘ಒಂದೇ ಊರು, ಒಂದೇ ದನಿ’. ಅಪ್ಪಯ್ಯ ಬದುಕಿದ್ದಿದ್ದರೆ ಆ ಫೋಟೋ ನೋಡಿ, ಅಂಗಿಯ ಗುಂಡಿ ಸರಿಯಾಗಿ ಹಾಕಿಲ್ಲವಲ್ಲ ಎಂದು ನಿನಗೇ ಬೈಯುತ್ತಿದ್ದರು.

ಆ ಪರದೇಶಿ ಹೆಸರು ಹೋಗಬಾರದು ಎಂದು ನಾನು ಯಾವತ್ತೂ ಹೇಳಿಲ್ಲ. ಹಾಗೆಂದು ನೀನು ಕೊಪ್ಪದ ತುಂಬಾ ಹೇಳಿಕೊಂಡು ತಿರುಗುತ್ತಿರುವುದು ನನ್ನ ಕಿವಿಗೆ ಬಿದ್ದಿದೆ. ‘ನನ್ನ ತಂಗಿ ಕವನ ಓದಿ ಓದಿ ಬಿಳಿಯರ ಪಕ್ಷ ಆಗಿದಾಳೆ ಮಾರಾಯ್ರೆ’ ಎಂದೆಯಂತೆ. ಹಾಸ್ಟೆಲ್ಲಿನಲ್ಲಿ ಊರು ಯಾವುದು ಎಂದು ಕೇಳಿದವರಿಗೆಲ್ಲ ಗ್ರೇಸನ್‌ಪೇಟೆ ಎಂದು ಹೇಳಿ ನಗೆಪಾಟಲಾದವಳು ನಾನು. ಯಾವುದೋ ದೊರೆ ಇಲ್ಲಿ ಕಾಡು ಕಡಿಸಿ ಕಾಫಿ ಹಾಕಿಸಿದ. ಹಾಗೆ ಮಾಡಿದ್ದಕ್ಕೆ ಅವನ ಹೆಸರನ್ನು ನೂರು ವರ್ಷ ನಾವು ಹೊರಬೇಕೆ? ಬೇಡ. ಆದರೆ ಅವನ ಹೆಸರು ತೆಗೆದ ಜಾಗಕ್ಕೆ ಅವನ ತೋಟ ಕೊಂಡ ನಮ್ಮ ಮನೆಯವರ ಹೆಸರು ಬಂದರೆ ಏನು ಬದಲಾದ ಹಾಗಾಯಿತು? ಬೋರ್ಡಿನ ಬಣ್ಣ ಮಾತ್ರ.

ಅಪ್ಪಯ್ಯ ಶಾಲೆಗೆ ಜಾಗ ಕೊಟ್ಟದ್ದು ನಿಜ. ಶಾಲೆಗೆ ಅವರ ಹೆಸರಿಡು, ಇವತ್ತೇ ಸಹಿ ಹಾಕುತ್ತೇನೆ. ಊರಿಗೆ ಬೇಡ. ಊರಿಗೆ ಆಗಲೇ ಹೆಸರಿದೆ. ಕೂಲಿ ಮಾಡುವ ಮೂವತ್ತು ಮನೆಯವರು ತಮ್ಮ ತಮ್ಮಲ್ಲಿ ಅದನ್ನು ನೇರಲಹಕ್ಕಲು ಎಂದೇ ಕರೆಯುತ್ತಾರೆ, ದೊರೆ ಬರುವ ಮೊದಲಿಂದಲೂ. ನೇರಳೆ ಮರಗಳಿದ್ದ ಬಯಲು. ಈಗ ಅಲ್ಲಿ ಉಳಿದದ್ದು ಒಂದೇ ಮರ, ಸೊಸೈಟಿ ಅಂಗಡಿಯ ಹಿಂದೆ. ಚಿಕ್ಕವರಿದ್ದಾಗ ಅದರ ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಬಂದರೆ ಅಮ್ಮ ಬಾಗಿಲಲ್ಲೇ ಹಿಡಿಯುತ್ತಿದ್ದಳು. ‘ಎಲ್ಲಿಗೆ ಹೋಗಿದ್ರಿ’ ಎಂದು ಕೇಳಿದರೆ ನಾವು ಏನೆನ್ನುತ್ತಿದ್ದೆವು, ನೆನಪಿದೆಯೇ? ಗ್ರೇಸನ್‌ಪೇಟೆಗೆ ಎನ್ನುತ್ತಿರಲಿಲ್ಲ. ಹಕ್ಕಲಿಗೆ ಎನ್ನುತ್ತಿದ್ದೆವು.

ಪಂಚಾಯಿತಿ ಅಧ್ಯಕ್ಷನಾಗಿ ನೀನು ಗ್ರಾಮಸಭೆ ಇಟ್ಟದ್ದು ಕಾಫಿ ಕೊಯ್ಲಿನ ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಆ ಮೂವತ್ತು ಮನೆಯವರು ಎಲ್ಲಿರುತ್ತಾರೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಧ ಜನ ನಿನ್ನ ತೋಟದಲ್ಲೇ ಇದ್ದರು. ಹೀಗಾಗಿ ಮಂಜಪ್ಪನಗರ ಒಮ್ಮತದಿಂದ ಪಾಸಾಯಿತು. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಅರ್ಜಿ ಕೊಡಬಹುದು ಎಂದು ನೋಟೀಸು ಅಂಟಿಸಿದಿರಿ. ಯಾರೂ ಕೊಡಲಾರರು ಎಂಬ ಧೈರ್ಯ ನಿನಗಿತ್ತು. ನಿನ್ನ ಧೈರ್ಯ ಬಹುಮಟ್ಟಿಗೆ ಸರಿಯೇ. ಅರ್ಜಿಗೆ ನಾನು ಮನೆಮನೆಗೆ ಹೋದಾಗ ಎಲ್ಲರೂ ಕಾಫಿ ಕೊಟ್ಟರು, ಹೆಬ್ಬೆಟ್ಟು ಮಾತ್ರ ಕೊಡಲಿಲ್ಲ. ‘ನಾಳೆ ಗೌಡ್ರ ತೋಟಕ್ಕೇ ಹೋಗ್ಬೇಕಲ್ಲ ಮಾಲ್ತಮ್ಮ’ ಎಂದರು. ಒಪ್ಪಿದವಳು ಒಬ್ಬಳೇ, ನಮ್ಮ ಸಣ್ಣಕ್ಕ. ನಮ್ಮಿಬ್ಬರನ್ನೂ ಮೀಯಿಸಿ, ಉಣ್ಣಿಸಿ, ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು. ಬೇರೆಯವರು ಓದಲಿ ಎಂದು ಇದನ್ನು ಬರೆಯುತ್ತಿಲ್ಲ. ನೀನು ಮರೆತಿದ್ದರೆ ಇರಲಿ ಎಂದು ಬರೆಯುತ್ತಿದ್ದೇನೆ. ಅವಳ ಹೇಳಿಕೆಯನ್ನು ನಾನೇ ಬರೆದೆ: ದೊರೆಯ ಹೆಸರು ಹೋಗಲಿ, ನಮ್ಮ ಹಿರಿಯರು ಕರೆಯುತ್ತಿದ್ದ ಹೆಸರು ಮರಳಿ ಬರಲಿ.

ಹದಿಮೂರನೇ ತಾರೀಕು ಪಂಚಾಯಿತಿಯಲ್ಲಿ ನಡೆದದ್ದಕ್ಕೆ ನಾನೂ ಸಾಕ್ಷಿ. ಸಣ್ಣಕ್ಕನ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಾರ್ಯದರ್ಶಿ ಷಡಕ್ಷರಿ ಅರ್ಜಿ ಓದಿದರು, ಸಣ್ಣಕ್ಕ ಎದ್ದು ನಿಂತಳು. ಆಮೇಲೆ ನೀನು ಎದ್ದು ಭಾಷಣ ಮಾಡಿದೆ. ಒಂದು ಊರಿಗೆ ಎರಡು ಹೆಸರು ಬೇಕು ಎನ್ನುವುದು ದೇಶ ಒಡೆಯುವ ಬುದ್ಧಿಯಂತೆ. ಬಿಳಿಯರು ಹೀಗೇ ನಮ್ಮನ್ನು ಒಡೆದು ಆಳಿದರಂತೆ. ನರಸಿಂಹರಾಜಪುರಕ್ಕೂ ಮೊದಲು ಎಡೇಹಳ್ಳಿ ಎಂಬ ಹೆಸರಿತ್ತು, ಯುವರಾಜರ ಹೆಸರಿಟ್ಟಾಗ ಯಾರಾದರೂ ತಕರಾರು ತೆಗೆದರೇ ಎಂದು ಕೇಳಿದೆ. ಅಣ್ಣಯ್ಯ, ಅದು ರಾಜರ ಕಾಲ. ತಕರಾರಿನ ಅರ್ಜಿಗೆ ಆಗ ಹದಿನೈದು ದಿನದ ನೋಟೀಸು ಅಂಟಿಸುತ್ತಿರಲಿಲ್ಲ. ಇವತ್ತಿಗೂ ಮುದುಕರು ಬಸ್ಸಿನಲ್ಲಿ ಎಡೇಹಳ್ಳಿಗೆ ಒಂದು ಟಿಕೆಟ್ ಎನ್ನುತ್ತಾರೆ, ಕಂಡಕ್ಟರ್ ನರಸಿಂಹರಾಜಪುರಕ್ಕೆ ಹರಿದು ಕೊಡುತ್ತಾನೆ, ಬಸ್ಸು ಸರಿಯಾಗಿಯೇ ಹೋಗಿ ಮುಟ್ಟುತ್ತದೆ. ದೇಶ ಎನ್ನುವುದು ಆ ಬಸ್ಸಿನ ಹಾಗೆ ಎಂದು ನಾನು ಅಂದುಕೊಂಡಿದ್ದೇನೆ. ಹತ್ತಿದವರು ತಮಗೆ ಬಾಯಿಗೆ ಬಂದ ಹೆಸರು ಹೇಳಿ ಟಿಕೆಟ್ ಕೇಳಬಹುದು. ನಿನ್ನ ಲೆಕ್ಕದಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೂತರೆ ಒಗ್ಗಟ್ಟು. ನಿನ್ನ ಒಂದೇ ದನಿ ಎಂದರೆ ನಿನ್ನದೇ ದನಿ.

ಭಾಷಣಕ್ಕಾದರೂ ನಾನು ಉತ್ತರ ಕೊಡುತ್ತಿದ್ದೆ. ನೀನು ಅಷ್ಟಕ್ಕೆ ನಿಲ್ಲಲಿಲ್ಲ. ಮತದಾರರ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಅರ್ಜಿಯಲ್ಲಿರುವ ಹೆಸರಿನವರು ಈ ಊರಿನಲ್ಲಿ ಯಾರೂ ಇಲ್ಲ, ಆದ್ದರಿಂದ ಅರ್ಜಿ ವಜಾ ಎಂದೆ. ಇಲ್ಲೇ ನಿಂತಿದ್ದಾಳಲ್ಲ ಎಂದು ನಾನು ಕೂಗಿದೆ. ನೀನು ಕನ್ನಡಕ ತೆಗೆದು ನನ್ನ ಕಡೆ ನೋಡಿ ನಕ್ಕೆ.

‘ನಿಂತಿದಾಳೆ ಮಾರಾಯ್ತಿ. ಹೆಸ್ರೆಂತ ಅಂತ ನೀನೇ ಕೇಳು.’

ನಾನು ಕೇಳಲಿಲ್ಲ. ಕೇಳುವುದಕ್ಕೆ ಏನಿದೆ ಎಂಬ ಸಿಟ್ಟಿನಲ್ಲಿ ಅವಳ ಕೈ ಹಿಡಿದು ಹೊರಗೆ ಬಂದೆ. ಹಿಂದಿನಿಂದ ನಿನ್ನ ಗೆಳೆಯರ ನಗು ಕೇಳುತ್ತಿತ್ತು.

ಮಾರನೆಯ ಬೆಳಿಗ್ಗೆ ಸಣ್ಣಕ್ಕನ ಮಗ ಹರೀಶನಿಗೆ ತೋಟದ ಲೆಕ್ಕ ನೋಡುವ ನಿನ್ನ ರೈಟರ್, ಇನ್ನು ಕೊಯ್ಲಿಗೆ ಬರುವುದು ಬೇಡ ಎಂದನಂತೆ. ಅದು ನಿನಗೆ ಗೊತ್ತಿಲ್ಲ ಎಂದು ಹೇಳಬೇಡ. ನಿನ್ನ ತೋಟದಲ್ಲಿ ನಿನ್ನನ್ನು ಕೇಳದೆ ಒಂದು ಕೊಕ್ಕೆಯೂ ಅಲುಗುವುದಿಲ್ಲ.

ಅವತ್ತು ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಸಣ್ಣಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ಅನಿತಾ ನನ್ನನ್ನು ಕಂಡು ಒಳಗೆ ಹೋದಳು, ಬಾ ಎನ್ನಲಿಲ್ಲ. ನಾನೂ ಕೂತು ಸುಲಿಯತೊಡಗಿದೆ. ಪಟ್ಟಿಯಲ್ಲಿ ಅವಳ ಹೆಸರು ಏಕಿಲ್ಲ ಎಂದು ಕೇಳಿದೆ. ಇದೆ, ವೆಂಕಮ್ಮ ಎಂದಿದೆ ಎಂದಳು. ಅದು ನಮ್ಮ ಅಮ್ಮನ ಹೆಸರಲ್ಲವೇ ಎಂದೆ. ಅವಳು ಕಾಯಿಯಿಂದ ಕಣ್ಣು ತೆಗೆಯದೆ ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ.

‘ನಂದೂ ಅದೇ ಹೆಸ್ರು. ನಾ ನಿಮ್ಮನೆ ಕೆಲ್ಸಕ್ಕೆ ಬಂದು ಎಂಟೋ ಒಂಬತ್ತೋ ದಿನ ಆಗಿತ್ತು. ಹಾಲು ಉಕ್ಕಿ ಒಲೆಗೆ ಹೋಯ್ತು. ವೆಂಕಮ್ಮ, ನಿಂಗೆ ಕಣ್ಣಿಲ್ವ ಅಂತ ಗೌಡ್ರು ಬೈದ್ರು. ತಮಗೇ ಅಂದ್ರು ಅಂತ ಅಮ್ಮ ಒಳಗಿಂದ ಬಂದು ನಿಂತ್ಕಂಡ್ರು. ಗೌಡ್ರಿಗೆ ನಾಚ್ಕೆ ಆಯ್ತು. ಹೆಂಡ್ತಿ ಹೆಸ್ರು ಹಿಡ್ದು ಆಳಿಗೆ ಬೈಯಾಕೆ ಆಗ್ತದಾ? ಇವತ್ತಿಂದ ನೀನು ಸಣ್ಣಕ್ಕ ಅಂದ್ರು. ಆಮೇಲೆ ಬೈಯಾಕೆ ಸಲೀಸಾಯ್ತು.’

ಹೇಳಿ ನಕ್ಕಳು. ಬೇಸರದ ನಗುವಲ್ಲ, ಹಳೆಯ ತಮಾಷೆಯೊಂದನ್ನು ಹೇಳಿದಂತೆ.

ಅಪ್ಪಯ್ಯ ಕೆಟ್ಟವರಲ್ಲ. ಆ ಗ್ರೇಸನ್ನೂ ಕೆಟ್ಟವನಾಗಿರಲಿಲ್ಲವೇನೋ. ಕರೆಯುವವರಿಗೆ ಅನುಕೂಲವಾಗಲಿ ಎಂದು ಇಬ್ಬರೂ ಇನ್ನೊಬ್ಬರ ಹೆಸರು ತೆಗೆದಿಟ್ಟರು. ಒಬ್ಬ ಒಂದು ಊರಿನದು, ಇನ್ನೊಬ್ಬರು ಒಬ್ಬ ಹೆಂಗಸಿನದು. ಐವತ್ತು ವರ್ಷದ ಹಿಂದೆ ನಮ್ಮ ಮನೆಯವರು ಅವಳಿಂದ ಕಿತ್ತುಕೊಂಡ ಹೆಸರನ್ನೇ ಹಿಡಿದು ಇವತ್ತು ನೀನು ಅವಳ ಅರ್ಜಿಯನ್ನು ತಳ್ಳಿದೆ. ಅಪ್ಪಯ್ಯ ಹೆಸರು ಬದಲಿಸಿದ್ದು ನಾಚಿಕೆಯಿಂದ. ನೀನು ಅದನ್ನು ಬಳಸಿದ್ದು ನಾಚಿಕೆ ಇಲ್ಲದೆ. ಆ ಅಪ್ಪಯ್ಯನ ಹೆಸರನ್ನು ಅವಳ ಮನೆಯ ಮುಂದಿನ ಕಂಬಕ್ಕೆ ಹೊಡೆದು, ದಿನಾ ಬೆಳಿಗ್ಗೆ ಎದ್ದು ನೋಡು ಎನ್ನುವುದಕ್ಕೆ ನನ್ನ ಸಹಿ ಬೇಕೆ ನಿನಗೆ?

ನಿನ್ನ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಪೆನ್ಸಿಲಿನ ಗುರುತನ್ನು ಅಳಿಸಿ, ಆ ಜಾಗದಲ್ಲಿ ‘ಒಪ್ಪಿಗೆ ಇಲ್ಲ’ ಎಂದು ಶಾಯಿಯಲ್ಲಿ ಬರೆದಿದ್ದೇನೆ. ಸೋಮವಾರ ಕೊಪ್ಪದ ತಾಲ್ಲೂಕು ಕಚೇರಿಗೆ ಹೊಸ ಅರ್ಜಿ ಹೋಗುತ್ತದೆ, ವೆಂಕಮ್ಮ ಎಂಬ ಹೆಸರಿನಲ್ಲಿ. ಈ ಸಲ ಅದನ್ನು ಬರೆದವಳು ಅನಿತಾ. ಹರೀಶನನ್ನು ತೋಟದಿಂದ ಕಳಿಸಿದ ಮೇಲೆ ಇನ್ನೂ ಹನ್ನೊಂದು ಮನೆಯವರು ಹೆಬ್ಬೆಟ್ಟು ಒತ್ತಿದ್ದಾರೆ. ಅದಕ್ಕೆ ನಿನಗೇ ಕೃತಜ್ಞತೆ ಸಲ್ಲಬೇಕು, ನಾನು ಕರೆದಾಗ ಅವರು ಬಂದಿರಲಿಲ್ಲ. ಇಪ್ಪತ್ತಾರರಂದು ನೀನು ಬೋರ್ಡಿನ ಪರದೆ ಬಿಚ್ಚುವುದಾದರೆ ಬಿಚ್ಚು. ನಾನೂ ಅವರೆಲ್ಲರ ಜೊತೆ ಬರುತ್ತೇನೆ. ಧ್ವಜಕ್ಕೆ ವಂದನೆ ಮಾಡಿ, ರಾಷ್ಟ್ರಗೀತೆ ಮುಗಿಯುವವರೆಗೆ ಎಲ್ಲರ ಜೊತೆ ನಿಂತು, ಆಮೇಲೆ ನಿನ್ನ ಬೋರ್ಡಿಗೆ ಬೆನ್ನು ಹಾಕಿ ನೇರಳೆ ಮರದ ಬುಡಕ್ಕೆ ಹೋಗುತ್ತೇವೆ. ದೇಶ ಒಡೆಯಿತು ಎಂದು ಅಲ್ಲಿಯೂ ಭಾಷಣ ಮಾಡು, ಮೈಕು ನಿನ್ನ ಹತ್ತಿರವೇ ಇರುತ್ತದೆ.

ಅತ್ತಿಗೆಗೆ ನಮಸ್ಕಾರ. ನಿಶ್ಚಿತಾಗೆ ಆಶೀರ್ವಾದ, ಅವಳು ನಿನ್ನ ಬೋರ್ಡು ತೋರಿಸುವಾಗ ತಲೆ ತಗ್ಗಿಸಿದ್ದಳು, ಅವಳಿಗೆ ದೇವರು ಆ ಸಂಕೋಚವನ್ನು ಉಳಿಸಿಕೊಡಲಿ. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ಏಳುವುದಿಲ್ಲ. ಆದರೆ ಅಮ್ಮ ಇದ್ದಿದ್ದರೆ ಬರೆಸದೆ ಬಿಡುತ್ತಿರಲಿಲ್ಲ. ಒಳ್ಳೆಯದಾಗಲಿ.

ನಿನ್ನ ತಂಗಿ,
ಮಾಲತಿ

ಇನ್ನೊಂದು ಮಾತು: ಕವರು ಅಂಟಿಸಿ ಆಗಿತ್ತು, ಮತ್ತೆ ಬಿಡಿಸಿದೆ. ಅರ್ಜಿ ಬರೆದ ದಿನ ‘ಸಣ್ಣಕ್ಕ ಎಂಬ ನಾನು’ ಎಂದು ಮೊದಲ ಸಾಲನ್ನು ನಾನು ಗಟ್ಟಿಯಾಗಿ ಓದಿ ಹೇಳಿದ್ದೆ. ಅಷ್ಟರಲ್ಲಾಗಲೇ ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿದ್ದೆ. ಅವಳು ಬೆರಳನ್ನು ಗಾಳಿಯಲ್ಲೇ ಹಿಡಿದು ಒಂದು ಗಳಿಗೆ ನನ್ನ ಮುಖ ನೋಡಿದಳು. ಶಾಯಿ ಒರೆಸಿಕೊಳ್ಳಲು ಬಟ್ಟೆ ಬೇಕೇನೋ ಎಂದು ನಾನು ಬಟ್ಟೆ ಕೊಟ್ಟೆ. ಅವಳು ಬಟ್ಟೆಯನ್ನು ಬದಿಗಿಟ್ಟು ಹೆಬ್ಬೆಟ್ಟು ಒತ್ತಿದಳು. ಮೊನ್ನೆ ಅವರೆಕಾಯಿ ಸುಲಿಯುವಾಗ, ಅವತ್ತೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ಕೇಳ್ತೀರೇನೋ ಅಂತ ನೋಡ್ದೆ, ಮಾಲ್ತಮ್ಮ’ ಎಂದಳು. ನಲವತ್ತೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅವಳ ಎಡಗೈಯ ಸುಟ್ಟ ಕಲೆ ಎಲ್ಲಿದೆ ಎಂದು ಕಣ್ಣು ಮುಚ್ಚಿ ತೋರಿಸಬಲ್ಲೆ. ನಾನು ಪ್ರೀತಿಸಿದೆ ಎಂದುಕೊಂಡೆ, ಕೇಳಲಿಲ್ಲ. ನೀನು ತೋಟದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನಾ ಗುರುತು ಹಾಕಿದೆ, ಅಷ್ಟೇ. ಆದರೂ ನಮ್ಮಿಬ್ಬರಲ್ಲಿ ಅವಳ ಹೆಸರು ಗೊತ್ತಿದ್ದದ್ದು ನಿನಗೆ. ಉಳಿದದ್ದನ್ನೆಲ್ಲ ಮುಂದೊಂದು ದಿನ ಕ್ಷಮಿಸಿಯೇನು, ಇದೊಂದನ್ನು ಕ್ಷಮಿಸಲಾರೆ.