ಕಡಲ ದಂಡೆಗೆ ಒಯ್ದ ಕಂಬಳಿ

ಬ್ರಾಡ್‌ಫರ್ಡ್, ಇಂಗ್ಲೆಂಡ್
ಭಾನುವಾರ, ೨೭ನೇ ಆಗಸ್ಟ್ ೧೯೧೧

ಪ್ರಿಯ ಪಂಚಾಕ್ಷರಪ್ಪ,

ನಾನು ಕ್ಷೇಮ. ನೀನೂ ನಿನ್ನ ಮನೆಯವರೂ, ಬಬ್ಬೂರಿನ ನಮ್ಮವರೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಗಳು ಬಂದು ನನ್ನ ಮೇಜಿನ ಮೇಲೆ ಕೂತಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಹೋದ ವಾರ ಇಲ್ಲಿ ರೈಲ್ವೆ ಕೆಲಸಗಾರರು ಮುಷ್ಕರ ಹೂಡಿದ್ದರು. ಅದರಿಂದಲೇ ತಡವಾಯಿತೆಂದು ಬರೆದುಬಿಡೋಣ ಎಂದುಕೊಂಡೆ. ಆದರೆ ಮುಷ್ಕರ ನಡೆದದ್ದು ಎರಡೇ ದಿನ, ನಾನು ಸುಮ್ಮನಿದ್ದದ್ದು ಮೂರು ವಾರ. ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವ ಮೇಷ್ಟರ ಹತ್ತಿರ ಅಂಥ ಸುಳ್ಳು ನಡೆಯುವುದಿಲ್ಲ. ಕ್ಷಮಿಸು.

ಈ ವರ್ಷ ಇಲ್ಲಿ ಎಂದೂ ಕಾಣದ ಸೆಕೆ. ಹುಲ್ಲು ಒಣಗಿ ಹಿರಿಯೂರಿನ ಬಯಲಿನ ಬಣ್ಣಕ್ಕೆ ತಿರುಗಿದೆ. ಬಿಸಿಲಿಗೆ ಜನ ರಸ್ತೆಯಲ್ಲಿ ಕುಸಿದು ಬಿದ್ದರೆಂದು ದಿನಾ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಚೈತ್ರದ ಅರ್ಧ ಬಿಸಿಲೂ ಇಲ್ಲ, ನನಗೆ ನಗು. ಉಣ್ಣೆ ವಿಂಗಡಿಸುವ ಪರೀಕ್ಷೆಯಲ್ಲಿ ತರಗತಿಗೆ ಎರಡನೆಯವನಾಗಿ ತೇರ್ಗಡೆಯಾದೆ. ಇದನ್ನು ನಮ್ಮಣ್ಣ ಬೋರಣ್ಣನಿಗೆ ತಪ್ಪದೆ ಹೇಳು. ಕಣ್ಣು ಮುಚ್ಚಿಕೊಂಡು, ಬೆರಳಲ್ಲಿ ಮುಟ್ಟಿ, ಇದು ಕುರಿಯ ಹೆಗಲಿನ ಉಣ್ಣೆ, ಇದು ತೊಡೆಯದು ಎಂದು ಹೇಳುವುದನ್ನು ನಾನು ಕಲಿತದ್ದು ಅವನ ಮಗ್ಗದ ಪಕ್ಕದಲ್ಲಿ. ಇಲ್ಲಿಯವರು ಅದಕ್ಕೆ ದೊಡ್ಡ ಹೆಸರು ಕೊಟ್ಟು ಕಲಿಸುತ್ತಾರೆ, ಅಷ್ಟೆ.

ಇನ್ನು ಬೊಮ್ಮಕ್ಕನ ಮಾತಿಗೆ ಬರುತ್ತೇನೆ. ನನ್ನ ಹೆಂಡತಿ ಹೇಳಿದ್ದನ್ನು ನೀನು ತಿದ್ದದೆ ಬರೆದು ಕಳಿಸಿದ್ದೀ. ಓದಿದಾಗ ಅವಳು ನಿನ್ನ ಶಾಲೆಯ ಜಗಲಿಯಲ್ಲಿ ಕೂತು ಮಾತಾಡಿದ್ದು ಕಿವಿಗೆ ಬಿದ್ದ ಹಾಗಾಯಿತು.

“ಮೇಷ್ಟ್ರೇ, ಹಿಂಗೇ ಬರೀರಿ. ನಾನು ನೂತ ಕಂಬ್ಳಿ ಹೊದ್ಕಂತೀರೋ, ಇಲ್ಲ ಪೆಟ್ಟಿಗ್ಯಾಗೆ ಇಟ್ಟೀರೋ? ಬೆಚ್ಚಗೈತೋ ಇಲ್ಲೋ? ಓಣಿ ಹೆಂಗಸ್ರು, ನಿನ್ ಗಂಡ ಈಗ ದೊರೆ ಆಗ್ಯಾನೆ ಕಣಮ್ಮಿ, ನಿನ್ ಕಂಬ್ಳಿ ಯಾವ್ ಮೂಲ್ಯಾಗೆ ಬಿದ್ದೈತೋ ಅಂತ ಆಡ್ಕಂತಾರೆ. ಕಾಗ್ದ ಬರ್ಲಿ, ನಿಮ್ಮ ಮುಂದೇನೇ ಓದಿಸ್ತೀನಿ ಅಂತ ನಾನೂ ಅಂದೀನಿ.”

ಅದಕ್ಕೆ ಬೋರಣ್ಣ ಕಿಚಾಯಿಸಿದನಂತೆ: “ಏಳು ಸಮುದ್ರ ದಾಟೋ ಕಾಗ್ದಕ್ಕೆ ಕಂಬ್ಳಿ ಮಾತೇನಮ್ಮಿ? ಬ್ಯಾರೆ ಏನಾರ ಬರೆಸು.” ನಮ್ಮವ್ವ ಕಾಳಕ್ಕ ಹಿಂದಿನಿಂದ, “ತಲೆಗೆ ಎಣ್ಣೆ ಹಚ್ಕಳಾಕೆ ಹೇಳ್ರಪ್ಪ, ಅಲ್ಲಿ ಕೊಡ್ತಾರೋ ಇಲ್ಲೋ” ಎಂದಳಂತೆ. ಓದಿ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಬೊಮ್ಮಕ್ಕನ ಒಂದು ಪ್ರಶ್ನೆಗೆ ಉತ್ತರ ಬರೆಯಲಾಗದೆ ಮೂರು ವಾರ ಕಳೆದೆ. ನಡೆದದ್ದನ್ನು ನಿನಗೆ ಹೇಳುತ್ತೇನೆ. ಇಲ್ಲಿಂದ ಮುಂದಿನದನ್ನು ಅವಳಿಗೆ ಓದಬೇಡ.

ಈ ತಿಂಗಳ ಮೊದಲ ಸೋಮವಾರ ಇಲ್ಲಿ ಎಲ್ಲರಿಗೂ ರಜೆ. ನನ್ನ ತರಗತಿಯ ವಿಲ್ಕಿನ್‌ಸನ್ ಶನಿವಾರದಿಂದ ಮೂರು ದಿನ ಸಮುದ್ರದ ದಂಡೆಯಲ್ಲಿ ಡೇರೆ ಹಾಕಿ ಇರೋಣವೆಂದ. ಅವನು ಒಂದು ಗಿರಣಿಯ ಯಜಮಾನನ ಮಗ. ಜೊತೆಗೆ ಹೋಲ್‌ರಾಯ್ಡ್ ಎಂಬ ಇನ್ನೊಬ್ಬ ಸಹಪಾಠಿ, ಉಣ್ಣೆಗೆ ಬಣ್ಣ ಹಾಕುವವರ ಮನೆಯವನು, ಎತ್ತಿನಂಥ ಆಳು. “ಊರಲ್ಲಿ ಬೇಯುವುದೇಕೆ, ಬಾ ರಾಜ” ಎಂದು ಇಬ್ಬರೂ ಕರೆದರು. ನನ್ನನ್ನು ಅವರು ‘ರಾಜ’ ಎಂದೇ ಕರೆಯುವುದು. ಎಂಟು ತಿಂಗಳಲ್ಲಿ ಯಾರೂ ನನ್ನನ್ನು ಒಂದು ಲೋಟ ಚಹಕ್ಕೂ ಕರೆದಿರಲಿಲ್ಲ. ಹಿಂದುಮುಂದು ನೋಡದೆ ಒಪ್ಪಿದೆ. ಹೊದೆಯಲು ಏನಾದರೂ ತರಬೇಕೆಂದರು. ಕಂಬಳಿ ಸುತ್ತಿಕೊಂಡು ಹೊರಟೆ.

ನೀನೂ ನಾನೂ ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ ಅಣೆಕಟ್ಟೆಯದು. ಹಡಗಿನ ಮೇಲಿನಿಂದ ನೋಡಿದ ಸಮುದ್ರ ಅದಕ್ಕಿಂತ ಗಂಭೀರವಾಗಿತ್ತು. ಇಲ್ಲಿಯ ದಂಡೆ ಹಾಗಲ್ಲ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಅರ್ಧ ಮೈಲಿ ಕೆಸರು ಬಾಯಿ ಬಿಟ್ಟುಕೊಂಡಿರುತ್ತದೆ. ಅದರ ಅಂಚಿಗೆ ಕಪ್ಪು ಪಾಚಿ ರಾಶಿ ಬಿದ್ದು ಬಿಸಿಲಿಗೆ ಕೊಳೆಯುತ್ತಿರುತ್ತದೆ. ನಡುನಡುವೆ ಲೋಳೆಯ ಮುದ್ದೆಗಳ ಹಾಗೆ ಸತ್ತ ಜೀವಿಗಳು, ಎಲ್ಲದರ ಮೇಲೂ ನೊಣ. ಡೇರೆಯ ಬಟ್ಟೆಯನ್ನು ಹೋದ ವರ್ಷ ಒದ್ದೆಯಿದ್ದಾಗಲೇ ಮಡಿಸಿಟ್ಟಿದ್ದರಂತೆ. ಬಿಚ್ಚಿದಾಗ ಹಳಸಿದ ಗಂಜಿಯ ವಾಸನೆ ಮುಖಕ್ಕೆ ಹೊಡೆಯಿತು.

ಬಯಲಲ್ಲಿ ಮಲಗುವುದು ಹೇಗೆಂದು ವಿಲ್ಕಿನ್‌ಸನ್ ನನಗೆ ಪಾಠ ಹೇಳಿಕೊಟ್ಟ. “ಭಯಪಡಬೇಡ ರಾಜ, ಸೊಂಟದ ಕೆಳಗೆ ಮರಳನ್ನು ಸ್ವಲ್ಪ ಕೆದಕಿಕೊಂಡರೆ ಹಾಸಿಗೆಯ ಹಾಗೇ ಇರುತ್ತದೆ” ಎಂದ. ಏಳು ವರ್ಷದವನಿದ್ದಾಗಿನಿಂದ ಕುರಿಮಂದೆಯ ಜೊತೆ ಹೊಲದಲ್ಲಿ ಮಲಗಿದವನು ನಾನು. ತಲೆಯಾಡಿಸಿ ಕೇಳಿಸಿಕೊಂಡೆ.

ನಮ್ಮವರು ಮಂದೆ ಬಿಡುವ ಕಡೆ ಕೆಲವು ಕಟ್ಟುಪಾಡುಗಳುಂಟು. ಉಣ್ಣುವ ಜಾಗದ ಹತ್ತಿರ ಯಾರೂ ಉಗುಳುವುದಿಲ್ಲ. ಬಯಲಿಗೆ ಹೋಗುವವನು ಕೂಗಿಗೆ ಸಿಗದಷ್ಟು ದೂರ ಹೋಗುತ್ತಾನೆ. ಕಂಬಳಿಯ ಮೇಲೆ ಚಪ್ಪಲಿ ಕಾಲು ಇಡುವಂತಿಲ್ಲ. ದೇವರನ್ನು ಕೂರಿಸುವುದೂ ಅದರ ಮೇಲೆ, ಮದುವೆಯಲ್ಲಿ ಹಸೆಗೆ ಹಾಸುವುದೂ ಅದನ್ನೇ. ಈ ಇಬ್ಬರಿಗೆ ಅಂಥದ್ದೊಂದೂ ಇಲ್ಲ. ಡೇರೆಯಿಂದ ಹತ್ತು ಮಾರು ದೂರದ ಮರಳುದಿಬ್ಬವೇ ಅವರ ಹಿತ್ತಲು. ನೀರು ಮುಟ್ಟುವುದಿಲ್ಲ, ಹಳೆಯ ಪತ್ರಿಕೆಯ ಹಾಳೆ ಸಾಕು. ಗಾಳಿಗೆ ಆ ಹಾಳೆಗಳು ಹಾರಿ ಒಲೆಯ ಹತ್ತಿರ ಬರುತ್ತಿದ್ದವು. ಮುಖ ತೊಳೆದ ಬಾಲ್ದಿಯಲ್ಲೇ ತಟ್ಟೆ ಅದ್ದಿ, ಮೊಣಕಾಲಿನ ಬಟ್ಟೆಗೆ ಒರೆಸಿ, ಅದರಲ್ಲೇ ನನಗೆ ಬಡಿಸಿದರು. ನಾನು ಮಾಂಸ ತಿನ್ನುವವನೇ. ಆದರೂ ಎರಡು ದಿನ ಬರೀ ಬ್ರೆಡ್ ತಿಂದು ಕಳೆದೆ.

ಭಾನುವಾರ ಮಧ್ಯಾಹ್ನ ಬೆಸ್ತರಿಂದ ಒಂದು ಬುಟ್ಟಿ ಮೀನು ತಂದರು. ಕುಡಿಯುವ ನೀರು ತೀರಿತ್ತು. ಡಬ್ಬಿ ಹಿಡಿದು ಒಂದು ಮೈಲಿ ದೂರದ ಹೊಲದ ಮನೆಗೆ ಹೋದೆ. ತಿರುಗಿ ಬಂದಾಗ ನನ್ನ ಕಂಬಳಿ ಡೇರೆಯ ಹೊರಗೆ ಹಾಸಿತ್ತು. ಅದರ ಮೇಲೆ ಮೀನಿನ ರಾಶಿ. ವಿಲ್ಕಿನ್‌ಸನ್ ಒಂದೊಂದರ ಹೊಟ್ಟೆ ಸೀಳಿ, ಕರುಳನ್ನು ಬೆರಳಿಂದ ಎಳೆದು ಪಕ್ಕಕ್ಕೆ ಹಾಕುತ್ತಿದ್ದ, ಚಾಕುವನ್ನು ಕಂಬಳಿಯ ಅಂಚಿಗೇ ಒರೆಸುತ್ತಿದ್ದ. ಹೋಲ್‌ರಾಯ್ಡ್ ಬಿಸಿಲಲ್ಲಿ ಕೂತು ಬೆಳಗಿನಿಂದ ಬಿಯರ್ ಕುಡಿದವನು, ಆಗತಾನೆ ಕಂಬಳಿಯ ಇನ್ನೊಂದು ಮೂಲೆಯಲ್ಲಿ ವಾಂತಿ ಮಾಡಿಕೊಂಡು, ಬೂಟುಗಾಲಲ್ಲಿ ಕಂಬಳಿಯ ಮೇಲೇ ನಿಂತು ಬಾಯಿ ಒರೆಸಿಕೊಳ್ಳುತ್ತಿದ್ದ.

“ಸರಿಯಾದ ಹೊತ್ತಿಗೆ ಬಂದೆ ರಾಜ! ಬೆಂಕಿ ಹಚ್ಚು” ಎಂದ ವಿಲ್ಕಿನ್‌ಸನ್.

“ಕೆಳಗಿಳಿ” ಎಂದು ಹೋಲ್‌ರಾಯ್ಡ್‌ಗೆ ಹೇಳಿದೆ.

“ಎಲ್ಲಿಂದ?”

“ಅದರ ಮೇಲಿಂದ ಇಳಿ!”

ಹೋಲ್‌ರಾಯ್ಡ್ ತನ್ನ ಬೂಟುಗಳನ್ನೇ ನೋಡಿಕೊಂಡ. ಅವುಗಳಿಗೆ ಏನೋ ಆಗಿದೆಯೆಂದು ತಿಳಿದನೆಂದು ಕಾಣುತ್ತದೆ. ನಾನು ಅಂಚು ಹಿಡಿದು ಎಳೆದೆ. ಮೀನುಗಳು ಮರಳಿಗೆ ಉರುಳಿದವು, ಅವನು ಕುಂಡೆಯ ಮೇಲೆ ಬಿದ್ದ. ವಿಲ್ಕಿನ್‌ಸನ್ ಎದ್ದು ನಿಂತು ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಮಾಡಿದ ತಪ್ಪು ಮಾತ್ರ ಪೂರ್ತಿ ನನ್ನದು. ನೇಯ್ದ ಮೇಲೆ ಕಂಬಳಿಗೆ ಹುಣಸೆ ಬೀಜ ಅರೆದು ಕಾಯಿಸಿದ ಗಂಜಿ ಬಳಿಯುವುದನ್ನು ನೀನು ನಮ್ಮ ಅಂಗಳದಲ್ಲಿ ನೋಡಿದ್ದೀ. ಆ ಗಂಜಿಯಿಂದಲೇ ಅದಕ್ಕೆ ಬಿಗಿ, ಅದರಿಂದಲೇ ಮಳೆಹನಿ ಜಾರಿಹೋಗುವುದು. ಅದನ್ನು ಒದರಬೇಕು, ಬಿಸಿಲಿಗೆ ಹಾಕಬೇಕು, ನೆನೆಸಿ ಉಜ್ಜಬಾರದು. ಇದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ನಾನು ಸಿಟ್ಟಿನಲ್ಲಿ ಅದನ್ನು ಸಮುದ್ರಕ್ಕೆ ಎಳೆದೊಯ್ದು, ಮೊಣಕಾಲುದ್ದ ನೀರಲ್ಲಿ ನಿಂತು, ಮರಳು ಹಾಕಿ ತಿಕ್ಕಿದೆ. ಗಂಜಿ ಕರಗಿ ಲೋಳೆಯಾಗಿ ಕೈಗೆ ಬಂತು. ತಿಕ್ಕಿದಷ್ಟೂ ಬಂತು. ಮೀನಿನ ಹುರುಪೆ, ಮರಳು, ಪಾಚಿ ಎಲ್ಲ ಆ ಲೋಳೆಗೆ ಅಂಟಿಕೊಂಡು ಎಳೆಯೊಳಗೆ ಕೂತವು. ಹಿಂಡಿ ಒಣಗಲು ಹಾಕಿದರೆ ಸೋಮವಾರದ ಬಿಸಿಲಿಗೆ ಸತ್ತ ಕುರಿಯ ನಾತ ಹೊರಟಿತು.

ರೈಲಿನ ಡಬ್ಬಿಯಲ್ಲಿ ನಮ್ಮ ಎದುರು ಕೂತಿದ್ದ ಮುದುಕಿ ಮೂಗಿಗೆ ಕರವಸ್ತ್ರ ಹಿಡಿದು ಮುಂದಿನ ನಿಲ್ದಾಣದಲ್ಲೇ ಬೇರೆ ಡಬ್ಬಿಗೆ ಹೋದಳು. ವಿಲ್ಕಿನ್‌ಸನ್ ಕಿಟಕಿಯ ಹೊರಗೆ ನೋಡುತ್ತ ಕೂತ. ನನ್ನ ಮನೆಯೊಡತಿ ಬಾಗಿಲಲ್ಲೇ ತಡೆದು, “ಸತ್ತದ್ದನ್ನೆಲ್ಲ ನನ್ನ ಮನೆಯೊಳಗೆ ತರಬೇಡಿ” ಎಂದಳು. ಈಗ ಅದು ಹಿತ್ತಲಿನ ಕಲ್ಲಿದ್ದಲ ಕೊಟ್ಟಿಗೆಯಲ್ಲಿದೆ. ದಿನಾ ಒಮ್ಮೆ ಹೋಗಿ ನೋಡುತ್ತೇನೆ. ಬಿಗಿ ಹೋಗಿ ಹಳೇ ಗೋಣಿಯ ಹಾಗೆ ಜೋತುಬಿದ್ದಿದೆ, ಅಲ್ಲಲ್ಲಿ ಬೂಷ್ಟು ಹಿಡಿದಿದೆ. ನಾಗರಿಕರೆಂದು ಪತ್ರಿಕೆಗಳು ಹೊಗಳುವ ಈ ಜನರ ಬಗ್ಗೆ ನನಗೆ ಹೇಸಿಗೆ ಹುಟ್ಟಿದೆ. ಅವರ ನಗು, ಅವರ ಎಂಜಲು ತಟ್ಟೆ, ಅವರ ಬೂಟು, ಯಾವುದನ್ನು ನೆನೆದರೂ ಅನ್ನ ಇಳಿಯುವುದಿಲ್ಲ.

ಬೊಮ್ಮಕ್ಕನಿಗೆ ಇಷ್ಟು ಹೇಳು: ಕಂಬಳಿ ಬೆಚ್ಚಗಿದೆ, ಹೊದ್ದುಕೊಳ್ಳುತ್ತೇನೆ. ಓಣಿಯ ಹೆಂಗಸರ ಮುಂದೆ ಜೋರಾಗಿಯೇ ಓದು.

ಅವ್ವನಿಗೆ ನನ್ನ ನಮಸ್ಕಾರ ತಿಳಿಸು, ತಲೆಗೆ ಎಣ್ಣೆ ಇಲ್ಲಿಯೂ ಸಿಗುತ್ತದೆ ಎನ್ನು. ನಿನ್ನ ಮಗಳು ಅಕ್ಷರ ಕಲಿಯುತ್ತಿದ್ದಾಳೆಂದು ಓದಿ ಸಂತೋಷವಾಯಿತು. ಆ ಕೂಸು ನೂರು ಕಾಲ ಬಾಳಲಿ. ನಿನ್ನ ಮನೆಯ ಮೇಲೆ ನಿನ್ನ ಗುರುಗಳ ದಯೆ ಸದಾ ಇರಲಿ.

ನಿನ್ನ ಗೆಳೆಯ,
ಕೆಂಚಪ್ಪ

ಬರೆದು ಮುಗಿದ ಮೇಲೆ:

ಲಕೋಟೆ ಅಂಟಿಸಲು ಕೈ ಬರಲಿಲ್ಲ. ವಿಲ್ಕಿನ್‌ಸನ್ ಹೇಳಿದ ಮಾತನ್ನು ಬರೆದುಬಿಡುತ್ತೇನೆ.

ಶನಿವಾರ ಸಂಜೆ ನಾನು ಕಂಬಳಿ ಬಿಚ್ಚಿದಾಗ ಅವನು ಬಂದು ಮಂಡಿಯೂರಿ ಕೂತ. ಗಿರಣಿಯ ಮನೆಯ ಹುಡುಗ, ಉಣ್ಣೆ ಬಲ್ಲವನು. ಒಂದು ಎಳೆಯನ್ನು ಬೆಳಕಿಗೆ ಹಿಡಿದು, “ಇದು ಕೈಯಲ್ಲಿ ನೂತದ್ದು. ಇಷ್ಟು ಸಮನಾದ ನೂಲನ್ನು ನಮ್ಮಲ್ಲಿ ಈಗ ಯಾರೂ ತೆಗೆಯಲಾರರು. ಯಾರು ನೂತದ್ದು?” ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ.

ಇಲ್ಲಿಗೆ ಬಂದ ಮೊದಲ ವಾರವೇ ನಾನು ಇವರಿಗೆಲ್ಲ ನಮ್ಮ ತಂದೆ ದೊಡ್ಡ ಜಮೀನುದಾರರು, ಮನೆಯಲ್ಲಿ ಕುದುರೆಗಳಿವೆ, ನಮ್ಮ ಹೆಂಗಸರು ಕೆಲಸ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದೆ. ರಾಜ ಎಂಬ ಹೆಸರು ಬಂದದ್ದು ಹಾಗೆ. ಈಗ ನನ್ನ ಹೆಂಡತಿ ನೂತದ್ದು ಎಂದರೆ ಆ ಕಥೆ ಒಡೆಯುತ್ತಿತ್ತು. “ಇದಾ? ಕುದುರೆಗೆ ಹೊದಿಸುವುದು. ಯಾರೋ ಆಳು ಹೆಂಗಸು ನೂತಿರಬೇಕು” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ನಾತ ಹೊಡೆಯುತ್ತದೆ, ಒಳಗೆ ಬೇಡ” ಎಂದು ಕಾಲಿನಿಂದ ಡೇರೆಯ ಬಾಗಿಲಾಚೆ ತಳ್ಳಿ ನಕ್ಕೆ. ಕಾಲಲ್ಲಿ ಆಗ ಬೂಟು ಇತ್ತು.

ಮರುದಿನ ನಾನು ಕೂಗಾಡಿದಾಗ ವಿಲ್ಕಿನ್‌ಸನ್ ಹೇಳಿದ್ದು ಇಷ್ಟು: “ಕುದುರೆಯದು, ನಾತ ಹೊಡೆಯುತ್ತದೆ ಎಂದು ನೀನೇ ಹೊರಗೆ ಒದ್ದೆಯಲ್ಲ. ಬೇಕಾದದ್ದು ಎಂದು ಒಂದು ಮಾತು ಹೇಳಿದ್ದರೆ ನನ್ನ ಕೋಟು ಹಾಸುತ್ತಿದ್ದೆ.”

ಅವನು ಹಾಸುತ್ತಿದ್ದ, ಪಂಚಾಕ್ಷರಪ್ಪ. ಇದು ನನಗೆ ಗೊತ್ತು. ಅವರ ಕೊಳಕಿನ ಬಗ್ಗೆ ಮೇಲೆ ಬರೆದದ್ದರಲ್ಲಿ ಸುಳ್ಳೊಂದೂ ಇಲ್ಲ. ಆದರೆ ಅನ್ನ ಇಳಿಯದೆ ಇರುವುದು ಅದಕ್ಕಲ್ಲ.

ಆದ್ದರಿಂದ ಬೆಚ್ಚಗಿದೆ ಎಂದು ಓದಬೇಡ. ಈ ಕೊನೆಯ ಹಾಳೆಯನ್ನು ಓದು. ಮೊದಲು ಅವಳೊಬ್ಬಳನ್ನೇ ಕೂರಿಸಿ ಓದು. ಓಣಿಯವರ ಮುಂದೆ ಓದಿಸುವುದೋ, ಹರಿದು ಒಲೆಗೆ ಹಾಕುವುದೋ, ಅದು ಅವಳಿಗೆ ಬಿಟ್ಟದ್ದು. ನನ್ನ ಮೇಲಿನ ಪ್ರೀತಿಯಿಂದ ಆಳು ಹೆಂಗಸು ಎಂದದ್ದನ್ನು ಹಾರಿಸಿ ಓದಬೇಡ. ನಡುವೆ ಅವಳು ಎದ್ದು ಹೋದರೆ ಹಿಂದಕ್ಕೆ ಕರೆಯಬೇಡ.